ಮೊದಲ ಸ್ಲೊವೇನಿಯನ್ ಹಾಸ್ಯನಾಟಕದಲ್ಲಿ ಹೆಣ್ಣು ಪಾತ್ರ ಯಾರು ಮಾಡಿದ್ರು?

1789ರಲ್ಲಿ ಲ್ಯುಬ್ಲಿಯಾನಾದಲ್ಲಿ (ಈಗಿನ ಸ್ಲೊವೇನಿಯಾದ ರಾಜಧಾನಿ) ಆದ ಮೊದಲ ಸ್ಲೊವೇನಿಯನ್ ಹಾಸ್ಯನಾಟಕದಲ್ಲಿ ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡಿದ್ರಾ ಅಂತ ಕೇಳಿದ್ದೀರಿ. ಇಲ್ಲ, ಹೆಂಗಸರೇ ಮಾಡಿದ್ದು. ಆದರೆ ಯಾರೂ ವೃತ್ತಿ ನಟಿಯರಲ್ಲ.

ನಾಟಕದ ಹೆಸರು 'ಜುಪಾನೋವಾ ಮಿಟ್ಸ್ಕಾ', ಅಂದರೆ ಊರ ಮುಖಂಡನ ಮಗಳು ಮಿಟ್ಸ್ಕಾ. ಜರ್ಮನ್ ನಾಟಕವೊಂದನ್ನು ಸ್ಲೊವೇನಿಯನ್‌ಗೆ ಒಗ್ಗಿಸಿದವರು ಆಂಟನ್ ಟೋಮಾಜ್ ಲಿನ್‌ಹಾರ್ಟ್. ಡಿಸೆಂಬರ್ 28ರಂದು ಪ್ರದರ್ಶನ. ಅವರ ಹೆಂಡತಿ ಯೋಜೆಫಾ ಕೂಡ ಬಣ್ಣ ಹಚ್ಚಿದರು, ಶ್ಟೆರ್ನ್‌ಫೆಲ್ಡೋವ್ಕಾ ಅನ್ನೋ ಶ್ರೀಮಂತ ವಿಧವೆಯಾಗಿ. ಸಣ್ಣ ಪಾತ್ರ ಅಂದ್ಕೋಬೇಡಿ. ಹಳ್ಳಿ ಹುಡುಗಿಗೆ ಸುಳ್ಳು ಹೇಳಿ ಮರುಳು ಮಾಡುವ ಪೇಟೆಯವನ ಬಣ್ಣ ಬಯಲು ಮಾಡೋದರಲ್ಲಿ ಇವಳ ಕೈ ಇದೆ. ಜತೆಗಿದ್ದವರು ಊರಿನ ವಕೀಲರು, ವೈದ್ಯರಂಥ ಓದಿದ ಜನ. ತೆರೆಮರೆಯಲ್ಲಿ ಮಾತು ಜ್ಞಾಪಿಸುತ್ತಿದ್ದವರು ಕಬ್ಬಿಣದ ಕಾರ್ಖಾನೆಗಳ ಒಡೆಯ, ಬ್ಯಾರನ್ ಜಿಗಾ ಝೋಯಿಸ್! ಅಷ್ಟು ದೊಡ್ಡ ಶ್ರೀಮಂತ ಪ್ರಾಂಪ್ಟರ್ ಆಗಿ ನಿಂತಿದ್ದು ನನಗಂತೂ ತುಂಬಾ ಇಷ್ಟವಾದ ವಿಷಯ.

ಈ ನಾಟಕ ನಡೆದ ರಂಗಮಂದಿರದಲ್ಲಿ ಆಗ ಸಾಮಾನ್ಯವಾಗಿ ಜರ್ಮನ್, ಇಟಾಲಿಯನ್ ತಂಡಗಳದ್ದೇ ಕಾರುಬಾರು. ಹಾಗಾಗಿ ಈ ಹೆಂಗಸರಿಗೆ ಮುಂದೆ ಹೆಚ್ಚು ಅವಕಾಶ ಸಿಗಲಿಲ್ಲ. ಲಿನ್‌ಹಾರ್ಟ್ ಅವರ ಎರಡನೇ ಹಾಸ್ಯನಾಟಕ ರಂಗಕ್ಕೆ ಬಂದಿದ್ದೇ 1848ರಲ್ಲಿ, ಅವರು ತೀರಿಹೋಗಿ ಅರ್ಧ ಶತಮಾನ ಕಳೆದ ಮೇಲೆ.

1860ರ ದಶಕದಲ್ಲಿ ಓದುಗರ ಸಂಘಗಳು ಮತ್ತೆ ಹವ್ಯಾಸಿ ನಾಟಕ ಶುರು ಮಾಡಿದವು. 1867ರಲ್ಲಿ ಲ್ಯುಬ್ಲಿಯಾನಾದಲ್ಲಿ ನಾಟಕ ಸಂಘವೂ ಹುಟ್ಟಿತು. ನಟಿಯೊಬ್ಬಳ ಪೂರ್ತಿ ಬದುಕು ಓದಬೇಕು ಅಂದರೆ ಮುಂದಿನ ತಲೆಮಾರಿನ ಜೋಫಿಯಾ ಬೋರ್ಶ್ಟ್ನಿಕ್ ಅವರನ್ನು ಹುಡುಕಿ. ಅವರು 1868ರಲ್ಲಿ ಹುಟ್ಟಿದವರು, ಗಂಡ ಇಗ್ನಾಟ್ಸಿ ಕೂಡ ದೊಡ್ಡ ನಟ.