ಮಾಸ್ಟರ್ ಸಿಲಿಂಡರ್ ಹೊಸದು ಹಾಕಿದರೂ ಹಳೆಯ ಮಾರುತಿ 800ರ ಬ್ರೇಕ್ ಪೆಡಲ್ ಮೆತ್ತಗೇ ಇದೆ, ಏನು ಮಾಡಲಿ?

ಆರು ವರ್ಷ ಹಿತ್ತಲಲ್ಲಿ ನಿಂತಿದ್ದ ಮಾರುತಿ 800 ಕಾರನ್ನು ಗಂಗಾವತಿಯ ನಿಮ್ಮ ಮನೆಯಲ್ಲೇ ಸರಿಪಡಿಸುತ್ತಿದ್ದೀರಿ. ಮುಂದಿನ ಎರಡೂ ಕ್ಯಾಲಿಪರ್ (ಡಿಸ್ಕನ್ನು ಎರಡೂ ಬದಿಯಿಂದ ಹಿಡಿದು ಚಕ್ರ ನಿಲ್ಲಿಸುವ ಭಾಗ) ಬಿಚ್ಚಿ ತೊಳೆದು ಹೊಸ ಕಿಟ್ ಹಾಕಿದ್ದೀರಿ, ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಹೊಸದಾಗಿ ಕೂರಿಸಿದ್ದೀರಿ, ನಾಲ್ಕು ಸಲ ಏರ್ ತೆಗೆದಿದ್ದೀರಿ, ಅಂದರೆ ಎಣ್ಣೆಯಲ್ಲಿ ಸಿಕ್ಕಿದ ಗಾಳಿಯನ್ನು ಹೊರಬಿಟ್ಟಿದ್ದೀರಿ. ಆದರೂ ಪೆಡಲ್ ತುಳಿದರೆ ನಾದಿದ ಹಿಟ್ಟನ್ನು ಒತ್ತಿದಂತಾಗುತ್ತದೆ, ಅಂಗಡಿಯವರು ಮಾಸ್ಟರ್ ಸಿಲಿಂಡರೇ ಕೆಟ್ಟಿರಬೇಕು, ಇನ್ನೊಂದು ಹಾಕಿ ನೋಡಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಇನ್ನೊಂದನ್ನು ಕೊಳ್ಳುವ ಮೊದಲು ಮುಂದಿನ ಎರಡು ಚಕ್ರಗಳನ್ನು ಬಿಚ್ಚಿ, ಏರ್ ತೆಗೆಯುವ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿದೆಯೋ ಕೆಳತುದಿಯಲ್ಲಿದೆಯೋ ಎಂದು ನೋಡಿ. ಕೆಳಗಿದ್ದರೆ ನೀವು ಎಡದ ಕ್ಯಾಲಿಪರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದ್ದೀರಿ.

ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಕಾರಣ, ಅದೇ ತಪ್ಪನ್ನು ನಾನು ಮಾಡಿ ಮೂರು ಭಾನುವಾರ ಕಳೆದುಕೊಂಡಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಬಳ್ಳಾರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ನಮ್ಮ ತಂದೆಯವರ ಮಾರುತಿ 800 ಬೇವಿನ ಮರದ ಕೆಳಗೆ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಇಲ್ಲಿನ ಅದಿರಿನ ಕೆಂಪು ಧೂಳು ಯಾವ ಸಂದಿಗೂ ಹೋಗದೆ ಬಿಡುವುದಿಲ್ಲ. ಕ್ಯಾಲಿಪರಿನ ಪಿಸ್ಟನ್ ಸುತ್ತ ಇರುವ ರಬ್ಬರ್ ತೊಗಲು ಬಿರಿದು, ಒಳಗೆ ಧೂಳೂ ತೇವವೂ ಸೇರಿ, ತುಕ್ಕು ಯಾವುದು ಮಣ್ಣು ಯಾವುದು ಎಂದು ಬಣ್ಣದಿಂದ ಹೇಳಲಾಗದ ಸ್ಥಿತಿಯಲ್ಲಿತ್ತು. ಎರಡೂ ಕ್ಯಾಲಿಪರ್‌ಗಳನ್ನು ಒಂದೇ ದಿನ ಬಿಚ್ಚಿ, ಕಟ್ಟೆಯ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ಅಕ್ಕಪಕ್ಕ ಇಟ್ಟು ತೊಳೆದೆ. ಮಧ್ಯಾಹ್ನ ಊಟಕ್ಕೆ ಹೋದಾಗ ಮನೆಯವರು ಕಟ್ಟೆ ಗುಡಿಸಲೆಂದು ಅವನ್ನು ಎತ್ತಿ ಮತ್ತೆ ಇಟ್ಟರು. ಎಡ ಯಾವುದು ಬಲ ಯಾವುದು ಎಂದು ಗುರುತು ಹಾಕದೆ ಇದ್ದದ್ದು ನನ್ನ ತಪ್ಪೇ ಹೊರತು ಗುಡಿಸಿದವರದ್ದಲ್ಲ. ಕ್ಯಾಲಿಪರ್ ತಲೆಕೆಳಗಾಗಿದ್ದರೂ ಬೋಲ್ಟುಗಳು ಸರಿಯಾಗಿಯೇ ಕೂತವು, ಹೋಸ್ ಪೈಪೂ ಎಟುಕಿತು, ಆದ್ದರಿಂದ ಸಂಶಯವೇ ಬರಲಿಲ್ಲ.

ಅಕ್ಕನ ಮಗ ಪೆಡಲ್ ತುಳಿಯುತ್ತಿದ್ದ, ನಾನು ನಿಪ್ಪಲ್ ಬಿಚ್ಚಿ ಮುಚ್ಚುತ್ತಿದ್ದೆ. "ಮಾವ, ಇನ್ನೂ ಎಷ್ಟು ಸಲ?" ಎಂದು ಅವನು ಕೇಳಿ ಕೇಳಿ ಕೊನೆಗೆ ಕೇಳುವುದನ್ನೇ ಬಿಟ್ಟ. ಬಾಟಲಿಯೊಳಗಿನ ಪ್ಲಾಸ್ಟಿಕ್ ನಳಿಗೆಯಲ್ಲಿ ಒಂದು ಗುಳ್ಳೆಯೂ ಬರದೆ ಎಣ್ಣೆ ತಿಳಿಯಾಗಿ ಹರಿಯುತ್ತಿತ್ತು, ಪೆಡಲ್ ಮಾತ್ರ ಮೆತ್ತಗೇ ಇತ್ತು. ಗುಳ್ಳೆ ಬರದಿದ್ದರೆ ಏರ್ ಇಲ್ಲ ಎಂದು ನಂಬಿದ್ದೇ ನನ್ನನ್ನು ದಾರಿ ತಪ್ಪಿಸಿತು.

ದಾರಿಗೆ ತಂದದ್ದು ನನ್ನ ಕಸುಬಿನ ಒಂದು ಅಭ್ಯಾಸ. ಲೆಕ್ಕ ಹೊಂದದಿದ್ದಾಗ ಒಂದೊಂದು ಪುಟವನ್ನು ಬದಿಗಿಟ್ಟು ಉಳಿದದ್ದು ಹೊಂದುತ್ತದೆಯೇ ಎಂದು ನೋಡುತ್ತೇವೆ. ಬ್ರೇಕಿನಲ್ಲೂ ಹಾಗೆ ಮಾಡಬಹುದು. ಪ್ರತಿ ಚಕ್ರದ ಕಡೆಗೆ ಹೋಗುವ ರಬ್ಬರ್ ಹೋಸನ್ನು ದಪ್ಪ ಬಟ್ಟೆ ಸುತ್ತಿ, ಹಲ್ಲು ತಾಗದಂತೆ, ಹಿಡಿತದ ಪ್ಲೈಯರಿನಿಂದ ಮೆಲ್ಲಗೆ ಒತ್ತಿ ಮುಚ್ಚಿದರೆ ಆ ಚಕ್ರವು ಸದ್ಯಕ್ಕೆ ಲೆಕ್ಕದಿಂದ ಹೊರಗೆ ಹೋಗುತ್ತದೆ. ನಾಲ್ಕೂ ಚಕ್ರಗಳ ದಾರಿ ಮುಚ್ಚಿ ಪೆಡಲ್ ಒತ್ತಿದೆ, ಕಲ್ಲಿನಂತೆ ನಿಂತಿತು. ಅಂದರೆ ಮಾಸ್ಟರ್ ಸಿಲಿಂಡರ್ ನಿರಪರಾಧಿ. ಹಿಂದಿನವನ್ನು ಬಿಟ್ಟಾಗ ಪೆಡಲ್ ಸ್ವಲ್ಪವೇ ಇಳಿಯಿತು, ಅದು ಸಹಜ. ಮುಂದಿನ ಎಡ ಹೋಸನ್ನು ಬಿಟ್ಟ ತಕ್ಷಣ ಕಾಲು ಹಿಟ್ಟಿಗೆ ಇಳಿಯಿತು, ಬಲದ್ದನ್ನು ಬಿಟ್ಟಾಗ ಇನ್ನೂ ಕೆಳಗೆ. ಎರಡೂ ಮುಂದಿನ ಕ್ಯಾಲಿಪರ್‌ಗಳಲ್ಲಿ ಒಂದೇ ದೋಷ ಇದೆ ಎಂದ ಮೇಲೆ, ಅದು ಭಾಗಗಳ ದೋಷಕ್ಕಿಂತ ಹಾಕಿದವನ ಕೈಯ ದೋಷ ಆಗಿರುವ ಸಂಭವವೇ ಹೆಚ್ಚು. ಈ ಪರೀಕ್ಷೆಗೆ ಒಂದು ಎಚ್ಚರಿಕೆಯೂ ಇದೆ: ಒಣಗಿ ಬಿರುಕು ಬಿಟ್ಟ ಹಳೆಯ ಹೋಸನ್ನು ಹೀಗೆ ಒತ್ತಿದರೆ ಅದು ಒಳಗೇ ಹರಿಯಬಹುದು. ಆದ್ದರಿಂದ ಹೇಗೂ ಬದಲಿಸಲಿರುವ ಹೋಸ್‌ಗಳ ಮೇಲೆ ಮಾತ್ರ ಮಾಡಿ, ಇಷ್ಟು ವರ್ಷ ನಿಂತ ಕಾರಿನಲ್ಲಿ ಅವನ್ನು ಬದಲಿಸುವುದೇ ಸರಿ.

ಆ ಸಂಜೆ ಲಾರಿ ಗ್ಯಾರೇಜಿನಲ್ಲಿ ಬಹಳ ಕಾಲ ದುಡಿದ ನೆರೆಮನೆಯ ಹಿರಿಯರೊಬ್ಬರು ಬಂದು, ಚಕ್ರದ ಬದಿಗೆ ಕೂತು, ಒಂದೇ ನೋಟಕ್ಕೆ ನಕ್ಕರು. "ಗಾಳಿ ಮ್ಯಾಲೆ ಕುಂತೈತಿ, ನೀವು ಕೆಳಗಿನ ಬಾಗಿಲು ತಗದು ಕರದ್ರ ಹ್ಯಾಂಗ ಬರತೈತ್ರಿ ಸರ?" ಎಂದರು. ಇದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುವುದಿಲ್ಲ. ನಿಪ್ಪಲ್ ಕೆಳಗಿದ್ದಾಗ ಎಣ್ಣೆ ಗಾಳಿಯ ಕೆಳಗಿನಿಂದ ಹರಿದು ಹೋಗುತ್ತದೆ, ಪಿಸ್ಟನ್ ಹಿಂದಿನ ಮೇಲ್ಭಾಗದಲ್ಲಿ ಸಿಕ್ಕಿಕೊಂಡ ಗಾಳಿ ಎಷ್ಟು ಲೀಟರ್ ಎಣ್ಣೆ ಸುರಿದರೂ ಅಲ್ಲೇ ಇರುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ; ನಿಮ್ಮ ಕಾಲಿಗೆ ತಿಳಿಯುವ ಮೆತ್ತನೆ ಅದೇ. ಕ್ಯಾಲಿಪರ್‌ಗಳನ್ನು ಅದಲುಬದಲು ಮಾಡಿ ಹಾಕಿದ ಮೇಲೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ನಿಮ್ಮ ನಿಪ್ಪಲ್‌ಗಳು ಮೇಲೆಯೇ ಇದ್ದರೆ ಮುಂದಿನ ಸಂಶಯ ಹೊಸ ಮಾಸ್ಟರ್ ಸಿಲಿಂಡರಿನೊಳಗಿನ ಗಾಳಿ. ಒಣಗಿದ ಸಿಲಿಂಡರನ್ನು ಹಾಗೆಯೇ ಕಾರಿಗೆ ಬಿಗಿದರೆ ಅದರೊಳಗಿನ ಗಾಳಿಯನ್ನು ಚಕ್ರದವರೆಗೆ ತಳ್ಳುವುದು ಕಷ್ಟ. ಅದನ್ನು ಬಿಚ್ಚಿ ವೈಸಿನಲ್ಲಿ ಸಮತಟ್ಟಾಗಿ ಹಿಡಿಸಿ, ಅದರ ಮೇಲಿನ ಡಬ್ಬಿಗೆ ಎಣ್ಣೆ ತುಂಬಿ, ಪಿಸ್ಟನ್ನನ್ನು ಮೊಂಡಾದ ಕಟ್ಟಿಗೆಯಿಂದ ನಿಧಾನವಾಗಿ ಒತ್ತಿ, ಬಿಡುವಾಗ ಹೊರದಾರಿಗಳನ್ನು ಬೆರಳಿನಿಂದ ಮುಚ್ಚಿ. ಗುಳ್ಳೆ ನಿಂತ ಮೇಲೆ ಕಾರಿಗೆ ಹಾಕಿ. ಚಕ್ರಗಳಲ್ಲಿ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ರೂಢಿ. ನಿಮ್ಮ ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಪೆಡಲ್ ತುಳಿಯುವವರಿಗೆ ಜೋರಾಗಿ ಪಂಪ್ ಮಾಡಬೇಡಿ ಎಂದು ಹೇಳಿ, ಏಕೆಂದರೆ ರಭಸಕ್ಕೆ ದೊಡ್ಡ ಗುಳ್ಳೆ ಸಣ್ಣ ನೊರೆಯಾಗಿ ಹೊರಬರಲು ಇನ್ನೂ ಸತಾಯಿಸುತ್ತದೆ. ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡವರಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಬೇಕು. ವರ್ಷಗಟ್ಟಲೆ ಪಿಸ್ಟನ್ ಮುಟ್ಟದ ಕೊನೆಯ ಭಾಗದಲ್ಲಿ ತುಕ್ಕಿನ ಗೆರೆ ಇರುತ್ತದೆ, ಪೆಡಲನ್ನು ನೆಲಕ್ಕೆ ತಾಗಿಸಿದರೆ ಒಳಗಿನ ರಬ್ಬರ್ ಕಪ್ (ಎಣ್ಣೆ ಸೋರದಂತೆ ತಡೆಯುವ ಬಟ್ಟಲಿನಂಥ ಸೀಲು) ಅದರ ಮೇಲೆ ಉಜ್ಜಿ ಹರಿಯುತ್ತದೆ.

ಮೆತ್ತಗಿರುವುದು ಬೇರೆ, ಕೆಳಗಿರುವುದು ಬೇರೆ. ನೀವು ಬರೆದಿರುವುದರಲ್ಲಿ ಎರಡೂ ಬೆರೆತಂತೆ ಕಾಣುತ್ತದೆ, ಆದ್ದರಿಂದ ಬಿಡಿಸಿ ನೋಡಿ. ಮೊದಲ ಸಲ ಪೆಡಲ್ ಬಹಳ ಕೆಳಗೆ ಹೋಗಿ, ತಕ್ಷಣ ಎರಡನೆಯ ಸಲ ತುಳಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಅದು ಹೆಚ್ಚಾಗಿ ಹಿಂದಿನ ಚಕ್ರದ ಡ್ರಮ್ ಮತ್ತು ಅದನ್ನು ಒಳಗಿನಿಂದ ಒತ್ತುವ ಶೂಗಳ ನಡುವಿನ ಅಂತರ ಹೆಚ್ಚಾದ ಗುರುತು. ಹ್ಯಾಂಡ್‌ಬ್ರೇಕ್ ಎಳೆದುಕೊಂಡು ಪೆಡಲ್ ತುಳಿದು ನೋಡಿ. ಪೆಡಲ್ ಎತ್ತರಕ್ಕೆ ಬಂದರೆ ಸಂಶಯ ಬೇಡ, ಡ್ರಮ್ ಬಿಚ್ಚಿ, ಆ ಅಂತರ ಸರಿಪಡಿಸುವ ಅಡ್ಜಸ್ಟರ್ ತುಕ್ಕು ಹಿಡಿದು ನಿಂತಿದೆಯೇ ಎಂದು ನೋಡಬೇಕು. ಇನ್ನು ಪೆಡಲ್ ಗಟ್ಟಿಯಾಗಿ ನಿಂತು, ಕಾಲು ಒತ್ತಿಯೇ ಇದ್ದಾಗ ನಿಧಾನವಾಗಿ ಇಳಿಯುತ್ತಾ ಹೋದರೆ, ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ, ಆಗ ಮಾತ್ರ ಮಾಸ್ಟರ್ ಸಿಲಿಂಡರಿನ ಕಪ್‌ಗಳನ್ನು ದೂರಬಹುದು. ಸೋರಿಕೆ ಹುಡುಕುವಾಗ ಹಿಂದಿನ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಎತ್ತಿ ನೋಡುವುದನ್ನು ಮರೆಯಬೇಡಿ, ಹೊರಗೆ ಒಣಗಿದಂತಿದ್ದರೂ ಒಳಗೆ ಎಣ್ಣೆ ನಿಂತಿರುತ್ತದೆ.

ಮುಂದಿನ ಬಲ ಚಕ್ರ ಕೈಯಿಂದ ತಿರುಗಿಸಿದರೆ ಬಿಗಿಯಾಗಿದೆ ಎಂದೂ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ಅದು ಸಣ್ಣ ಮಾತಲ್ಲ. ಪೆಡಲ್ ತುಳಿದು ಬಿಟ್ಟ ಮೇಲೆ ಚಕ್ರ ಬಿಗಿಯಾಗಿರುವಾಗಲೇ ಆ ಕ್ಯಾಲಿಪರಿನ ನಿಪ್ಪಲನ್ನು ಸ್ವಲ್ಪ ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ಹಗುರಾದರೆ ಒತ್ತಡ ಹಿಂದಕ್ಕೆ ಹೋಗಲಾರದೆ ಸಿಕ್ಕಿಕೊಂಡಿದೆ ಎಂದರ್ಥ. ನಿಪ್ಪಲ್ ಬಿಚ್ಚಿದರೂ ಬಿಗಿಯಾಗಿಯೇ ಇದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಪಿನ್ನುಗಳು ಹಿಡಿದುಕೊಂಡಿವೆ. ಒತ್ತಡ ಸಿಕ್ಕಿಕೊಂಡಿದ್ದರೆ, ಮತ್ತೆ ಪೆಡಲ್ ತುಳಿದು ಬಿಟ್ಟು, ಈ ಸಲ ಮಾಸ್ಟರ್ ಸಿಲಿಂಡರಿನ ಬಳಿಯ ಪೈಪಿನ ನಟ್ಟನ್ನು ಸಡಿಲಿಸಿ ನೋಡಿ. ಅಲ್ಲಿ ಚಕ್ರ ಹಗುರಾದರೆ ದೋಷ ಮಾಸ್ಟರ್ ಸಿಲಿಂಡರಿನಲ್ಲಿ, ಇಲ್ಲವೇ ಅದನ್ನು ಒತ್ತುವ ಕಡ್ಡಿಗೆ ಸ್ವಲ್ಪವೂ ಸಡಿಲು ಬಿಟ್ಟಿಲ್ಲ. ಹಗುರಾಗದಿದ್ದರೆ ನಡುವಿನ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆ. ಹೊರನೋಟಕ್ಕೆ ಅದು ಹೊಚ್ಚ ಹೊಸದರಂತೆ ಇರಬಹುದು.

ಊದಿಕೊಳ್ಳುವ ಮಾತು ಬಂದಾಗ ಕೇಳಲೇಬೇಕಾದ ಪ್ರಶ್ನೆ: ಕ್ಯಾಲಿಪರನ್ನು ಯಾವುದರಿಂದ ತೊಳೆದಿರಿ? ನಮ್ಮ ಕಡೆ ಕೈಗೆ ಸಿಕ್ಕ ಡೀಸೆಲ್, ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ಅದ್ದಿ ತೆಗೆಯುವ ರೂಢಿ ಇದೆ. ಬ್ರೇಕಿನ ರಬ್ಬರಿಗೆ ಅದು ವಿಷ. ಅದರ ಅಂಶ ಉಳಿದರೂ ಮಾಸ್ಟರ್ ಸಿಲಿಂಡರಿನ ಕಪ್‌ಗಳು ಉಬ್ಬಿ, ಎಣ್ಣೆ ಹಿಂದಿರುಗುವ ಸಣ್ಣ ರಂಧ್ರವನ್ನು ಮುಚ್ಚುತ್ತವೆ. ಹಾಗೆ ತೊಳೆದಿದ್ದರೆ ರಬ್ಬರುಗಳನ್ನೆಲ್ಲ ಮತ್ತೆ ಬದಲಿಸಬೇಕಾಗುತ್ತದೆ, ಹೇಳಲು ಬೇಸರವಾದರೂ ಬೇರೆ ದಾರಿ ಇಲ್ಲ. ತೊಳೆಯಲು ಬ್ರೇಕ್ ಎಣ್ಣೆಯನ್ನೇ ಬಳಸಿ, ಪಿಸ್ಟನ್ ಕೂರಿಸುವಾಗಲೂ ಅದನ್ನೇ ಸವರಿ, ಗ್ರೀಸ್ ಬೇಡ.

ಕಳೆದ ವರ್ಷ ಬಿಚ್ಚಿದ ಬಾಟಲಿಯಲ್ಲಿ ಉಳಿದ ಬ್ರೇಕ್ ಎಣ್ಣೆ ಹಾಕಿದ್ದಾಗಿ ಬರೆದಿದ್ದೀರಲ್ಲ, ಅದನ್ನೂ ತೆಗೆದುಬಿಡಿ. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಕುಡಿದ ಎಣ್ಣೆಗೆ ನಿಗದಿಯಾದ ಕನಿಷ್ಠ ಮಿತಿ 140 ಮಾತ್ರ. ಡಾಟ್ 4ಕ್ಕೆ ಇವು 230 ಮತ್ತು 155. ಎಣ್ಣೆ ಕುದಿದರೆ ಆವಿ ಹುಟ್ಟುತ್ತದೆ, ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ, ಆಗ ಮನೆಯಂಗಳದಲ್ಲಿ ಗಟ್ಟಿಯಾಗಿದ್ದ ಪೆಡಲ್ ರಸ್ತೆಯಲ್ಲಿ ಕೈಕೊಡುತ್ತದೆ. ಡಾಟ್ 3 ಮತ್ತು ಡಾಟ್ 4 ಬೆರೆತರೆ ತೊಂದರೆಯಿಲ್ಲ. ಸಿಲಿಕೋನಿನಿಂದ ಮಾಡಿದ ಡಾಟ್ 5 ಮಾತ್ರ ಬೇರೆ ಜಾತಿ, ಬೆರೆಸಬಾರದು. ಎಣ್ಣೆ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಸುರಿದು ತೊಳೆಯಿರಿ. ನಾನು ಚಹಾ ಕುಡಿದು ಬಂದು ಒರೆಸೋಣ ಎಂದುಕೊಂಡೆ, ಬರುವಷ್ಟರಲ್ಲಿ ಮಡ್‌ಗಾರ್ಡಿನ ಮೇಲೆ ಅಂಗೈಯಗಲ ಬಣ್ಣ ಸುಕ್ಕುಗಟ್ಟಿ ಎದ್ದಿತ್ತು. ಅದು ಇಂದಿಗೂ ಹಾಗೆಯೇ ಇದೆ.

ಕಾರಿನ ಕೆಳಗೆ ಕೈ ಹಾಕುವ ಮೊದಲು ಒಂದು ಮಾತು. ನಿಮ್ಮ ಹಿತ್ತಲು ಎರೆ ನೆಲವಾದರೆ ಜಾಕ್ ಒಂದನ್ನೇ ನಂಬಬೇಡಿ. ಮೇಲೆ ಗಟ್ಟಿಯಾಗಿ ಕಂಡರೂ ಭಾರಕ್ಕೆ ವಾಲುತ್ತದೆ. ದಪ್ಪ ಹಲಗೆ ಹಾಕಿ, ಸ್ಟ್ಯಾಂಡ್ ಕೊಟ್ಟು, ನೆಲದ ಮೇಲೆಯೇ ಇರುವ ಚಕ್ರಗಳಿಗೆ ಕಲ್ಲು ಇಡಿ. ಡ್ರಮ್ಮಿನೊಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದಾಗಲಿ ಬಾಯಿಂದಾಗಲಿ ಊದಬೇಡಿ, ಶೂಗಳ ಮೇಲಿನ ಹಳೆಯ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡದೆ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ, ಆಮೇಲೆ ನಾಲ್ಕೂ ಚಕ್ರಗಳ ಕೆಳಗೆ ಪತ್ರಿಕೆಯ ಹಾಳೆ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಾಳೆ ಒಣಗಿದ್ದರೆ ಮೊದಲು ಅಂಗಳದಲ್ಲೇ ನಡಿಗೆಯ ವೇಗದಲ್ಲಿ ನಿಲ್ಲಿಸಿ ನೋಡಿ, ನಂತರ ಖಾಲಿ ರಸ್ತೆಗೆ ಹೋಗಿ. ನಿಮ್ಮ ಊರಿನಲ್ಲಿ ಸುಗ್ಗಿಯ ಕಾಲವಾದರೆ ರಸ್ತೆಯ ಅರ್ಧಕ್ಕೆ ಭತ್ತ ಹರಡಿರುತ್ತಾರೆ; ಒಂದು ಬದಿಯ ಚಕ್ರ ಭತ್ತದ ಮೇಲೆ, ಇನ್ನೊಂದು ಡಾಂಬರಿನ ಮೇಲೆ ಇದ್ದಾಗ ಬ್ರೇಕ್ ಒತ್ತಿದರೆ ಸರಿಯಿರುವ ಕಾರೂ ಎಳೆಯುತ್ತದೆ, ಅದನ್ನು ನೋಡಿ ಮತ್ತೆ ಕ್ಯಾಲಿಪರ್ ಬಿಚ್ಚಬೇಡಿ. ನಾನು ಸಿರುಗುಪ್ಪ ರಸ್ತೆಯಲ್ಲಿ ಹಾಗೆ ಗಾಬರಿಯಾಗಿ ಮನೆಗೆ ಬಂದು ಎಡ ಚಕ್ರ ಬಿಚ್ಚಿದ್ದೆ, ಅಲ್ಲಿ ಸಿಕ್ಕಿದ್ದು ನಾಲ್ಕು ಕಾಳು ಭತ್ತ. ಐದಾರು ಕಿಲೋಮೀಟರ್ ಓಡಿಸಿ ಬಂದ ಮೇಲೆ ಪ್ರತಿ ಚಕ್ರದ ಬಳಿ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಮುಂದಿನ ಎರಡರಲ್ಲಿ ಒಂದು ಮಾತ್ರ ಹೆಚ್ಚು ಸುಡುತ್ತಿದ್ದರೆ ಅದು ಇನ್ನೂ ಬಿಡುತ್ತಿಲ್ಲ. ಆಗ ಹೋಸ್ ಒತ್ತಿ ನೋಡಿದಾಗ ಯಾವ ಚಕ್ರಕ್ಕೆ ಪೆಡಲ್ ಹೇಗಿತ್ತು ಎಂಬುದನ್ನು ಇಲ್ಲಿ ಬರೆಯಿರಿ, ಅಲ್ಲಿಂದ ಮುಂದೆ ನೋಡೋಣ.