ಯಾವ ಚೆಸ್ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ಟ್ಯಾಕ್ಟಿಕ್ಸ್‌ನಲ್ಲಿ, ಅಂದರೆ ನೇರ ಲಾಭ ತರುವ ನಡೆಗಳ ಲೆಕ್ಕಾಚಾರದಲ್ಲಿ ಚುರುಕು, ಯಾವುದು ಪೊಸಿಷನಲ್ ಆಟದಲ್ಲಿ, ಅಂದರೆ ಕಾಯಿಗಳ ನೆಲೆಯನ್ನು ನಿಧಾನವಾಗಿ ಬಲಪಡಿಸುವುದರಲ್ಲಿ ಗಟ್ಟಿ ಎಂದು ಅಳೆಯುವುದು ಹೇಗೆ?

ರೇಟಿಂಗ್‌ನಿಂದ ಇದು ತಿಳಿಯುವುದಿಲ್ಲ, ಅದರಲ್ಲಿ ಎರಡೂ ಬೆರೆತಿರುತ್ತವೆ. ಬೇರೆ ಬೇರೆಯಾಗಿ ಅಳೆಯಬೇಕು.

ಟ್ಯಾಕ್ಟಿಕ್ಸ್‌ಗೆ, ಗೆಲ್ಲುವ ನಡೆ ಒಂದೇ ಇರುವ ಸ್ಥಿತಿಗಳನ್ನು ಕೊಟ್ಟು, ಅದು ಸಿಗಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆದಿಡಿ. ನಡುವೆ ಸರಿ ನಡೆ ತೋರಿಸಿ ಆಮೇಲೆ ಬಿಟ್ಟುಕೊಟ್ಟರೆ ಅದು ಉತ್ತರವಲ್ಲ. ಕೊಟ್ಟ ಸಮಯ ಮುಗಿಯುವವರೆಗೂ ಹಿಡಿದಿರಬೇಕು. ಪೊಸಿಷನಲ್ ಆಟಕ್ಕೆ ಎಸ್‌ಟಿಎಸ್ (ಸ್ಟ್ರಾಟೆಜಿಕ್ ಟೆಸ್ಟ್ ಸೂಟ್) ಎಂಬ ಸಂಗ್ರಹವಿದೆ: 15 ವಿಷಯ, ತಲಾ 100 ಸ್ಥಿತಿ. ಅತ್ಯುತ್ತಮ ನಡೆಗೆ 10 ಅಂಕ, ಅದಕ್ಕೆ ಹತ್ತಿರದ ನಡೆಗಳಿಗೆ ಕಡಿಮೆ. ಒಟ್ಟು ಅಂಕಕ್ಕಿಂತ ವಿಷಯವಾರು ಅಂಕವೇ ಹೆಚ್ಚು ಹೇಳುತ್ತದೆ.

ಥ್ರೆಡ್ (ಪ್ರೊಸೆಸರ್‌ನಲ್ಲಿ ಏಕಕಾಲಕ್ಕೆ ಓಡುವ ಲೆಕ್ಕದ ಎಳೆ) ಒಂದೇ ಇರಲಿ. ಹಲವು ಥ್ರೆಡ್ ಓಡಿಸಿದರೆ ಅದೇ ಸ್ಥಿತಿಗೆ ಪ್ರತಿ ಸಲ ಬೇರೆ ಫಲಿತಾಂಶ ಬರಬಹುದು. ಹ್ಯಾಶ್ (ಎಂಜಿನ್ ತನ್ನ ಲೆಕ್ಕಗಳನ್ನು ಕೂಡಿಡುವ ಮೆಮೊರಿ) ಗಾತ್ರ ಸಮನಾಗಿಟ್ಟು, ಪ್ರತಿ ಸ್ಥಿತಿಗೂ ಮುನ್ನ ಖಾಲಿ ಮಾಡಿ. ಇಲ್ಲದಿದ್ದರೆ ಹಿಂದಿನ ಸಲದ ಲೆಕ್ಕವೇ ಉತ್ತರ ಹೇಳಿಕೊಡುತ್ತದೆ. ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ಗಣಿತ ಮಾದರಿ) ಆಧರಿಸಿದ ಲೀಲಾ ಎಂಜಿನ್ನನ್ನು ಜಿಪಿಯು (ಗ್ರಾಫಿಕ್ಸ್ ಚಿಪ್) ಇಲ್ಲದೆ ಓಡಿಸಿ, ಸಾಮಾನ್ಯ ಪ್ರೊಸೆಸರ್‌ನಲ್ಲೇ ಓಡುವ ಸ್ಟಾಕ್‌ಫಿಶ್ ಎಂಜಿನ್ ಪಕ್ಕ ನಿಲ್ಲಿಸುವುದು ನ್ಯಾಯವಲ್ಲ. ಹಳೆಯ ಸಂಗ್ರಹಗಳಲ್ಲಿ ಕೆಲವು ಉತ್ತರಗಳೇ ತಪ್ಪು, ಅನುಮಾನ ಬಂದ ಸ್ಥಿತಿಯನ್ನು ದೀರ್ಘ ವಿಶ್ಲೇಷಣೆಗೆ ಒಡ್ಡಿ ತೆಗೆದುಹಾಕಿ.

ಹುಡುಕಾಟದ ವೇಗವೊಂದೇ ಸಾಲದು ಎನ್ನಲು 2017ರ ಪಂದ್ಯವೇ ಸಾಕ್ಷಿ. ಡೀಪ್‌ಮೈಂಡ್ ಕಂಪನಿಯ ನ್ಯೂರಲ್ ನೆಟ್‌ವರ್ಕ್ ಪ್ರೋಗ್ರಾಂ ಆಲ್ಫಾಝೀರೋ ಸೆಕೆಂಡಿಗೆ ಸುಮಾರು 80 ಸಾವಿರ ಸ್ಥಿತಿ ನೋಡುತ್ತಿತ್ತು, ಸ್ಟಾಕ್‌ಫಿಶ್ 8 ಸುಮಾರು 7 ಕೋಟಿ. ಆದರೂ 100 ಆಟಗಳಲ್ಲಿ ಆಲ್ಫಾಝೀರೋ 28 ಗೆದ್ದು, ಉಳಿದ 72 ಡ್ರಾ ಆದವು. 2020ರಲ್ಲಿ ಸ್ಟಾಕ್‌ಫಿಶ್ 12 ಕೂಡ ನ್ಯೂರಲ್ ನೆಟ್‌ವರ್ಕ್‌ನಿಂದ ಸ್ಥಿತಿಗೆ ಬೆಲೆ ಕಟ್ಟಲು ಶುರುಮಾಡಿತು. ಹಾಗಾಗಿ ‘ಸ್ಟಾಕ್‌ಫಿಶ್ ಬರೀ ಲೆಕ್ಕಾಚಾರದ ಎಂಜಿನ್’ ಎಂಬ ಹಳೆಯ ಮಾತು ಈಗ ಸಲ್ಲದು.