ಈಗಿನ ಸಾಮಾನು ಯಾಕೆ ಬಾಳಿಕೆ ಬರುತ್ತಿಲ್ಲ?

ಹೊಸ ಮಿಕ್ಸಿ ಎರಡು ವರ್ಷಕ್ಕೇ ಕೆಟ್ಟಿತು, ಈಗಿನ ಸಾಮಾನೇ ಹೀಗಾ, ಇಲ್ಲ ನನ್ನ ಅದೃಷ್ಟವೇ ಸರಿ ಇಲ್ವಾ ಎಂದು ಕೇಳಿದ್ದೀರಿ. ಅದೃಷ್ಟದ ಮಾತಲ್ಲ ಇದು. ನಮ್ಮ ಮನೆಯಲ್ಲೂ ಹೀಗೇ ಆಯಿತು.

ನಮ್ಮದು ಹನುಮಂತನಗರ. ಅಮ್ಮನ ಹಳೇ ಮಿಕ್ಸಿ 1994ರದ್ದು. ಕಾರ್ಬನ್ ಬ್ರಷ್ ಎರಡು ಸಲ ಬದಲಾಗಿದೆ, ಜಾರಿನ ವಾಷರ್ ಎಷ್ಟು ಸಲವೋ ಲೆಕ್ಕವಿಲ್ಲ. ಮೋಟಾರ್ ಮಾತ್ರ ಅದೇ. ಸದ್ದು ಜಾಸ್ತಿ ಎಂದು ನಾನೇ ಹಠ ಹಿಡಿದು ಹೊಸದು ತಂದೆ. 750 ವ್ಯಾಟ್, 2 ವರ್ಷ ವಾರಂಟಿ. ವಾರಂಟಿ ಮುಗಿದು ನಾಲ್ಕು ತಿಂಗಳಾಗಿತ್ತು, ಉದ್ದಿನಬೇಳೆ ರುಬ್ಬುವಾಗ ಸುಟ್ಟ ವಾಸನೆ ಬಂದು ನಿಂತೇ ಹೋಯಿತು.

ಗಾಂಧಿ ಬಜಾರ್ ಹತ್ತಿರದ ರಿಪೇರಿಯವರು ಅದನ್ನು ಬಿಚ್ಚಿ, ಮೋಟಾರಿನೊಳಗೆ ಸುತ್ತಿದ ಕಾಯಿಲ್‌ನ ತಂತಿಯನ್ನು ಬ್ಲೇಡಿನಿಂದ ಕೆರೆದು ತೋರಿಸಿದರು. "ನೋಡಿ ಅಕ್ಕಾ, ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ." ಅಲ್ಯೂಮಿನಿಯಂ! ಅಷ್ಟೇ ದಪ್ಪದ ತಾಮ್ರ ಸಾಗಿಸುವ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 60 ಭಾಗದಷ್ಟನ್ನು ಮಾತ್ರ ಅದು ಸಾಗಿಸುತ್ತದೆ. ಸರಿದೂಗಬೇಕಾದರೆ ತಂತಿ ದಪ್ಪ ಇರಬೇಕು, ಜಾಗವೂ ಬೇಕು. ಅದನ್ನು ಕೊಡದಿದ್ದರೆ ಕಾಯಿಲ್ ಬೇಗ ಕಾಯುತ್ತದೆ, ಮೇಲಿನ ಲೇಪ ಸುಡುತ್ತದೆ. ಡಬ್ಬದ ಮೇಲೆ ಇದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಅಮ್ಮನ ಮಿಕ್ಸಿಗೆ ಆಗ ಅಪ್ಪನ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಹೋಗಿತ್ತು. ನಾನು ತಂದದ್ದು ಆಫರ್‌ನಲ್ಲಿ. ಕಡಿಮೆ ಬೆಲೆಗೆ ಕಡಿಮೆ ಮಾಲು ಕೊಡಲಿ, ತಕರಾರಿಲ್ಲ. ಆದರೆ ಹೇಳಿ ಕೊಡಬೇಕು, ಅಲ್ವಾ? ನಮ್ಮ ಕಣ್ಣಿಗೆ ಬೀಳದ ಕಡೆ ನೋಡಿ ಕತ್ತರಿ ಹಾಕುತ್ತಾರೆ, ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಬಿಸ್ಕತ್ತಿನದೂ ಅದೇ ಕಥೆ. 10 ರೂಪಾಯಿ 10 ರೂಪಾಯಿಯೇ, ಗ್ರಾಂ ಮಾತ್ರ ಸುಮ್ನೆ ಇಳಿಯುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಈಗ ಪ್ಯಾಕೆಟ್ ಮೇಲೆ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಬೆಲೆ ಎಂದು ಅಚ್ಚು ಹಾಕಬೇಕು. ಎಂ.ಆರ್.ಪಿ. ಬಿಟ್ಟು ಅದನ್ನು ಹೋಲಿಸಿ ನೋಡಿ. ಅಕ್ಷರ ತೀರಾ ಸಣ್ಣದು, ನಮ್ಮ ಅತ್ತೆಗೆ ನಾನೇ ಓದಿ ಹೇಳಬೇಕು.

ಸೋಪು ಕೊಳ್ಳುವಾಗ ಟಿ.ಎಫ್.ಎಂ. ನೋಡಿ. ಸೋಪಿನಲ್ಲಿ ಕೊಬ್ಬಿನಂಶ ಎಷ್ಟಿದೆ ಎಂಬ ಲೆಕ್ಕ ಅದು. ಮೊದಲ ದರ್ಜೆಯ ಟಾಯ್ಲೆಟ್ ಸೋಪಿಗೆ ಕನಿಷ್ಠ 76 ಶೇಕಡಾ ಇರಬೇಕು. 'ಬೇದಿಂಗ್ ಬಾರ್' ಎಂದು ಬರೆದಿದ್ದರೆ 40 ಇದ್ದರೂ ಸಾಕು. ಎರಡೂ ಒಂದೇ ಸಾಲಿನಲ್ಲಿ, ಒಂದೇ ಥರದ ಹೊದಿಕೆಯಲ್ಲಿ ಕೂತಿರುತ್ತವೆ. ನಾನೇ ಎಷ್ಟೋ ವರ್ಷ ವ್ಯತ್ಯಾಸ ಗೊತ್ತಿಲ್ಲದೆ ತಂದಿದ್ದೇನೆ.

ನಿಮ್ಮ ಮಿಕ್ಸಿಯನ್ನು ಈಗಲೇ ಗುಜರಿಗೆ ಹಾಕಬೇಡಿ. ಮೊದಲು ವಾರಂಟಿ ಕಾರ್ಡ್ ಪೂರ್ತಿ ಓದಿ. ಕೆಲವರು ಮೋಟಾರ್‌ಗೆ ಮಾತ್ರ ಬೇರೆಯಾಗಿ ಹೆಚ್ಚು ವರ್ಷ ಕೊಟ್ಟಿರುತ್ತಾರೆ. ಕೊಟ್ಟಿದ್ದೂ ಅಂಗಡಿಯವರು ಸಬೂಬು ಹೇಳಿದರೆ 1915ಕ್ಕೆ ಫೋನ್ ಮಾಡಿ. ಗ್ರಾಹಕರ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಬಿಲ್ ಮಾತ್ರ ಜೋಪಾನ. ವಾರಂಟಿ ಇಲ್ಲದಿದ್ದರೆ ತಾಮ್ರದ ತಂತಿ ಸುತ್ತಿಸಿ. ನಾನು ಹಾಗೇ ಮಾಡಿಸಿದೆ, ಸುತ್ತುವಾಗ ಎದುರಿಗೇ ನಿಂತು ನೋಡಿಕೊಂಡೆ.